ವೇಗ ಹೆಚ್ಚಿಸಿದ ಕಂಪ್ಯೂಟರ್ ಬೂಟ್ ಆಗದಿದ್ದಾಗ

(ಕಂಪ್ಯೂಟರ್ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)



ಇಂದಿನ ವಿಷಯವನ್ನು ಆರಿಸಿದವರು ನೀವೇ. ಪ್ರಶ್ನೆಗಳನ್ನು ಬರೆದು ಕೊಡಿ ಎಂದು ಕೇಳಿದಾಗ ಬಂದ ಚೀಟಿಗಳಲ್ಲಿ ಒಂದೇ ಬಗೆಯ ಮಾತು ಹಲವು ಬಾರಿ ಇತ್ತು. 'ಓವರ್‌ಕ್ಲಾಕ್ ಮಾಡಿದೆ, ಆಮೇಲೆ ಡಿಸ್‌ಪ್ಲೇ ಬರುತ್ತಿಲ್ಲ. ಬೋರ್ಡ್ ಹೋಯಿತೇ?' ಎಂಬುದೇ ಆ ಮಾತು. ಇದಕ್ಕೆ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬಹುಪಾಲು ಸಂದರ್ಭಗಳಲ್ಲಿ ಬೋರ್ಡ್ ಹೋಗಿರುವುದಿಲ್ಲ, ಪ್ರೊಸೆಸರ್ ಸುಟ್ಟಿರುವುದಿಲ್ಲ. ನಿಜವಾದ ನಷ್ಟ ಆಗುವುದು ಅದರ ಮುಂದಿನ ಎರಡು ಮೂರು ಗಂಟೆಗಳಲ್ಲಿ, ನಾವು ಗಾಬರಿಯಿಂದ ಮಾಡುವ ರಿಪೇರಿಯಲ್ಲಿ.

ಉದಾಹರಣೆಗೆ ನನಗೆ ತಿಳಿದ ಒಂದು ಪ್ರಕರಣವನ್ನು ಹೇಳುತ್ತೇನೆ. ಕೊನೆಯ ವರ್ಷದ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ ತನ್ನ ಕಂಪ್ಯೂಟರಿನ ರ‍್ಯಾಮ್ ವೇಗವನ್ನು ಹೆಚ್ಚಿಸಿದ. ಫ್ಯಾನ್ ತಿರುಗುತ್ತಿತ್ತು, ಪರದೆ ಮಾತ್ರ ಕಪ್ಪಾಗಿತ್ತು. ರಿಪೇರಿ ಅಂಗಡಿಯಲ್ಲಿ 'ಮದರ್‌ಬೋರ್ಡ್ ಹೋಗಿದೆ' ಎಂದು ಹೇಳಿ ಬೇರೆ ಬೋರ್ಡ್ ಹಾಕಿದರು. ಬೋರ್ಡ್ ಬದಲಾದದ್ದರಿಂದ ವಿಂಡೋಸ್ ತೆರೆಯುವ ಮುನ್ನ ಒಂದು ಉದ್ದನೆಯ ಸಂಖ್ಯೆಯನ್ನು ಕೇಳಿತು. ಆ ಸಂಖ್ಯೆ ಯಾರ ಬಳಿಯೂ ಇರಲಿಲ್ಲ. ಅಂಗಡಿಯವರು ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಿಕೊಟ್ಟರು. ಪ್ರಾಜೆಕ್ಟ್ ವರದಿ, ಎರಡು ವರ್ಷಗಳ ಟಿಪ್ಪಣಿ, ಮನೆಯವರ ಫೋಟೋಗಳು ಎಲ್ಲವೂ ಹೋದವು. ಅಷ್ಟಕ್ಕೂ ಆ ಕಂಪ್ಯೂಟರಿಗೆ ಬೇಕಾಗಿದ್ದದ್ದು ಎರಡು ಪಿನ್ನುಗಳನ್ನು ಹತ್ತು ಸೆಕೆಂಡು ಜೋಡಿಸಿ ಹಿಡಿಯುವ ಕೆಲಸ. ಅದು ಏನು, ಹೇಗೆ ಎಂಬುದನ್ನು ಮುಂದೆ ವಿವರಿಸುತ್ತೇನೆ.

ಮೊದಲು ಓವರ್‌ಕ್ಲಾಕಿಂಗ್ ಎಂದರೇನು ಎಂಬುದನ್ನು ಚುಟುಕಾಗಿ ನೋಡೋಣ. ಪ್ರೊಸೆಸರ್ ಒಂದು ತಾಳಕ್ಕೆ ಸರಿಯಾಗಿ ಕೆಲಸ ಮಾಡುತ್ತದೆ. ಇಂದಿನ ಡೆಸ್ಕ್‌ಟಾಪ್‌ಗಳಲ್ಲಿ ಮೂಲ ತಾಳ ಸಾಮಾನ್ಯವಾಗಿ 100 ಮೆಗಾಹರ್ಟ್ಸ್. ಅದನ್ನು 45ರಿಂದ ಗುಣಿಸಿದರೆ 4500 ಮೆಗಾಹರ್ಟ್ಸ್, ಅಂದರೆ 4.5 ಗಿಗಾಹರ್ಟ್ಸ್. ಈ ಗುಣಕವನ್ನಾಗಲಿ ಮೂಲ ತಾಳವನ್ನಾಗಲಿ ತಯಾರಕರು ಹೇಳಿದ ಮಿತಿಗಿಂತ ಮೇಲೇರಿಸುವುದೇ ಓವರ್‌ಕ್ಲಾಕಿಂಗ್. ವೇಗ ಹೆಚ್ಚಾದಾಗ ಒಳಗಿನ ಟ್ರಾನ್ಸಿಸ್ಟರುಗಳಿಗೆ ಬದಲಾಗಲು ಸಿಗುವ ಸಮಯ ಕಡಿಮೆಯಾಗುತ್ತದೆ. ಸಮಯ ಸಾಲದಿದ್ದರೆ ಲೆಕ್ಕ ತಪ್ಪುತ್ತದೆ, ಯಂತ್ರ ನಿಲ್ಲುತ್ತದೆ. ಆಗ ಜನರು ವೋಲ್ಟೇಜ್ ಏರಿಸುತ್ತಾರೆ. ಇಲ್ಲಿಯೇ ಅಪಾಯ ಇರುವುದು. ವಿದ್ಯುತ್ ವ್ಯಯವು ವೇಗಕ್ಕೆ ಅನುಪಾತದಲ್ಲಿ ಏರುತ್ತದೆ, ಆದರೆ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿ ಏರುತ್ತದೆ. ವೇಗ ಶೇಕಡಾ 10, ವೋಲ್ಟೇಜ್ ಶೇಕಡಾ 10 ಏರಿಸಿದರೆ 1.1ನ್ನು ಮೂರು ಬಾರಿ ಗುಣಿಸಿ ನೋಡಿ, 1.331 ಬರುತ್ತದೆ. ಅಂದರೆ ಹತ್ತರಷ್ಟು ವೇಗಕ್ಕೆ ಮೂವತ್ತಮೂರರಷ್ಟು ಹೆಚ್ಚಿನ ಬಿಸಿ.

ಈ ಹವ್ಯಾಸಕ್ಕೆ ಒಂದು ಕಾಲದಲ್ಲಿ ದೊಡ್ಡ ಅರ್ಥವಿತ್ತು. 1998ರಲ್ಲಿ ಇಂಟೆಲ್ ಕಂಪನಿ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರ್ ತಂದಿತು. ಅದರ ಗುಣಕ 4.5, ತಾಳ 66 ಮೆಗಾಹರ್ಟ್ಸ್. ತಾಳವನ್ನು 100ಕ್ಕೆ ಏರಿಸಿದರೆ 300ರ ಬದಲು 450 ಮೆಗಾಹರ್ಟ್ಸ್! ಒಂದೂವರೆ ಪಟ್ಟು. ಅಂದಿನ ಕಾಲೇಜು ಹುಡುಗರಿಗೆ ಅದು ಲಾಟರಿ ಹೊಡೆದಂತೆ ಇತ್ತು. ಇಂದಿನ ಪ್ರೊಸೆಸರುಗಳು ತಮ್ಮ ಶಕ್ತಿಯ ತುದಿಯವರೆಗೆ ತಾವೇ ಏರಿಕೊಳ್ಳುತ್ತವೆ, ನಮಗೆ ಉಳಿದಿರುವುದು ತಳದ ಗಸಿ ಮಾತ್ರ. ನನ್ನ ಅಭಿಪ್ರಾಯ ಕೇಳಿದರೆ, ಮನೆಯಲ್ಲಿ ಇರುವುದೊಂದೇ ಕಂಪ್ಯೂಟರ್, ಅದರಲ್ಲಿಯೇ ಓದು, ಅದರಲ್ಲಿಯೇ ಅಣ್ಣನ ಬಿಲ್ಲಿಂಗ್ ಎನ್ನುವವರು ಈ ಪ್ರಯೋಗಕ್ಕೆ ಇಳಿಯಬಾರದು. ಓವರ್‌ಕ್ಲಾಕಿಂಗ್‌ನಿಂದ ಆದ ಹಾನಿಗೆ ಸಾಮಾನ್ಯ ವಾರಂಟಿ ಅನ್ವಯಿಸುವುದಿಲ್ಲ ಎಂಬುದೂ ನೆನಪಿರಲಿ.

ಆದರೆ ಒಂದು ಮಾತು. ತಾವು ಓವರ್‌ಕ್ಲಾಕ್ ಮಾಡಿದ್ದೇವೆ ಎಂಬುದೇ ಅನೇಕರಿಗೆ ತಿಳಿದಿರುವುದಿಲ್ಲ. ರ‍್ಯಾಮ್ ಡಬ್ಬಿಯ ಮೇಲೆ 6000 ಎಂದು ಬರೆದಿರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತಂದು ಜೋಡಿಸಿದ ಮೇಲೆ ನೋಡಿದರೆ 4800 ಎಂದು ತೋರಿಸುತ್ತದೆ. ಮೋಸವಾಯಿತು ಎಂದುಕೊಂಡು ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಆಯ್ಕೆಯನ್ನು ಒತ್ತುತ್ತಾರೆ. ಇಲ್ಲಿ ಮೋಸವೇನೂ ಇಲ್ಲ. ಡಬ್ಬಿಯ ಮೇಲಿನ ಸಂಖ್ಯೆಯೇ ಓವರ್‌ಕ್ಲಾಕ್ ಮಾಡಿದ ವೇಗ. ಎರಡು ರ‍್ಯಾಮ್ ಇದ್ದಾಗ ಒಪ್ಪಿಕೊಂಡ ವೇಗವನ್ನು ನಾಲ್ಕು ಹಾಕಿದಾಗ ಅದೇ ಬೋರ್ಡ್ ಒಪ್ಪದೆ ಹೋಗಬಹುದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಬಟನ್ ಒತ್ತಿದೆವು, ಪರದೆ ಕಪ್ಪಾಗಿಯೇ ಇದೆ. ಮೊದಲ ಕೆಲಸವೇನು? ಕಾಯುವುದು. ಇದು ತಮಾಷೆಯ ಮಾತಲ್ಲ. ಡಿಡಿಆರ್-5 ರ‍್ಯಾಮ್ ಇರುವ ಯಂತ್ರಗಳು, ಅದರಲ್ಲೂ 2022ರಲ್ಲಿ ಬಂದ ಎಎಂಡಿಯ ಎಎಂ-5 ಬೋರ್ಡ್‌ಗಳು, ರ‍್ಯಾಮ್ ಆಯ್ಕೆ ಬದಲಾದಾಗ ಹೊಸ ವೇಗಕ್ಕೆ ಹೊಂದಿಕೊಳ್ಳಲು ತಮ್ಮೊಳಗೇ ಪರೀಕ್ಷೆ ನಡೆಸುತ್ತವೆ. ಕೆಲವೊಮ್ಮೆ ಇದಕ್ಕೆ ಹಲವು ನಿಮಿಷಗಳು ಹಿಡಿಯುತ್ತವೆ. ಆ ಹೊತ್ತಿನಲ್ಲಿ ಪರದೆಯ ಮೇಲೆ ಏನೂ ಇರುವುದಿಲ್ಲ. ನಾವು ಒಂದೂವರೆ ನಿಮಿಷಕ್ಕೆ ತಾಳ್ಮೆಗೆಟ್ಟು ಸ್ವಿಚ್ ಆರಿಸುತ್ತೇವೆ, ಅದು ಮತ್ತೆ ಮೊದಲಿನಿಂದ ಆರಂಭಿಸುತ್ತದೆ. ಅಲ್ಲದೆ ಹೆಚ್ಚಿನ ಬೋರ್ಡ್‌ಗಳು ಕೆಲವು ಸಲ ಪ್ರಯತ್ನಿಸಿ ಸೋತರೆ ತಾವಾಗಿಯೇ ಹಳೆಯ ಸುರಕ್ಷಿತ ವೇಗಕ್ಕೆ ಮರಳಿ 'ಓವರ್‌ಕ್ಲಾಕಿಂಗ್ ವಿಫಲವಾಗಿದೆ, ಎಫ್-1 ಒತ್ತಿ' ಎಂಬಂಥ ಸಂದೇಶ ತೋರಿಸುತ್ತವೆ. ಆದ್ದರಿಂದ ಸುಟ್ಟ ವಾಸನೆ, ಹೊಗೆ ಇಲ್ಲದಿದ್ದರೆ ಹದಿನೈದು ನಿಮಿಷ ಬಿಟ್ಟುಬಿಡಿ.

ಅಷ್ಟು ಹೊತ್ತಿನಲ್ಲಿ ನೋಡಬೇಕಾದದ್ದು, ಯಂತ್ರ ಎಲ್ಲಿಯವರೆಗೆ ಬಂದು ನಿಂತಿದೆ ಎಂಬುದನ್ನು. ಬಟನ್ ಒತ್ತಿದ ಕೂಡಲೇ ಎಸ್‌ಎಂಪಿಎಸ್ ವಿದ್ಯುತ್ ಕೊಡುತ್ತದೆ, ಪ್ರೊಸೆಸರ್ ಎಚ್ಚೆತ್ತು ಬಯಾಸ್ ಚಿಪ್‌ನಲ್ಲಿರುವ ಸೂಚನೆಗಳನ್ನು ಓದುತ್ತದೆ, ರ‍್ಯಾಮನ್ನು ಪರೀಕ್ಷಿಸುತ್ತದೆ, ಗ್ರಾಫಿಕ್ಸನ್ನು ಹುಡುಕುತ್ತದೆ, ಕೊನೆಗೆ ಡಿಸ್ಕಿನಲ್ಲಿರುವ ವಿಂಡೋಸ್‌ಗೆ ಅಧಿಕಾರ ಒಪ್ಪಿಸುತ್ತದೆ. ಫ್ಯಾನ್ ಸಹ ತಿರುಗದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಪ್ಲಗ್, ವೈರ್ ಮತ್ತು ಎಸ್‌ಎಂಪಿಎಸ್. ಫ್ಯಾನ್ ತಿರುಗಿ ಪರದೆ ಕಪ್ಪಾಗಿದ್ದರೆ ಬೋರ್ಡಿನ ಅಂಚಿನಲ್ಲಿರುವ ನಾಲ್ಕು ಸಣ್ಣ ದೀಪಗಳನ್ನು ನೋಡಿ. ಈಚಿನ ಅನೇಕ ಬೋರ್ಡ್‌ಗಳಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂಬ ಹೆಸರಿನ ದೀಪಗಳಿರುತ್ತವೆ. ಯಾವುದು ಉರಿಯುತ್ತಾ ನಿಂತಿದೆಯೋ ಅಲ್ಲಿ ತೊಡಕು. ದೀಪಗಳಿಲ್ಲದ ಹಳೆಯ ಬೋರ್ಡಾದರೆ ಸಣ್ಣ ಸ್ಪೀಕರಿನ ಬೀಪ್ ಸದ್ದನ್ನು ಎಣಿಸಬೇಕು. ಎಷ್ಟು ಬೀಪ್‌ಗೆ ಏನರ್ಥ ಎಂಬುದು ತಯಾರಕರಿಂದ ತಯಾರಕರಿಗೆ ಬೇರೆಯಾಗುವುದರಿಂದ ಬೋರ್ಡಿನ ಜೊತೆ ಬಂದ ಪುಸ್ತಕವನ್ನು ಎಸೆಯಬೇಡಿ. ಹಾಗೆಯೇ ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೆ ಸೇರಿದೆಯೋ ಬೋರ್ಡಿಗೆ ಸೇರಿದೆಯೋ ನೋಡಿಕೊಳ್ಳಿ. ಹೆಸರಿನ ಕೊನೆಯಲ್ಲಿ ಎಫ್ ಅಕ್ಷರವಿರುವ ಇಂಟೆಲ್ ಕೋರ್ ಪ್ರೊಸೆಸರುಗಳಲ್ಲಿ ಸ್ವಂತ ಗ್ರಾಫಿಕ್ಸ್ ಇರುವುದಿಲ್ಲ. ಬೋರ್ಡಿಗೆ ಕೇಬಲ್ ಚುಚ್ಚಿ ಇಡೀ ರಾತ್ರಿ ಕಾದರೂ ಚಿತ್ರ ಬರುವುದಿಲ್ಲ.

ಕಾದದ್ದಾಯಿತು, ನೋಡಿದ್ದಾಯಿತು. ಇನ್ನು ಆ ಎರಡು ಪಿನ್ನುಗಳ ಕೆಲಸ. ನೀವು ಬದಲಿಸಿದ ವೇಗ, ವೋಲ್ಟೇಜ್ ಎಲ್ಲವೂ ಬೋರ್ಡಿನ ನೆನಪಿನಲ್ಲಿ ಉಳಿದಿರುತ್ತವೆ. ಪ್ರತಿ ಸಲ ಬಟನ್ ಒತ್ತಿದಾಗಲೂ ಅದು ಅದೇ ತಪ್ಪು ಸಂಖ್ಯೆಗಳನ್ನು ಓದಿ ಅಲ್ಲಿಯೇ ಎಡವುತ್ತದೆ. ಆ ನೆನಪನ್ನು ಅಳಿಸಿದರೆ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳುತ್ತದೆ. ಇದಕ್ಕೆ ಕ್ಲಿಯರ್ ಸಿಮಾಸ್ ಎನ್ನುತ್ತಾರೆ. ಇದರಿಂದ ನಿಮ್ಮ ಡಿಸ್ಕಿನಲ್ಲಿರುವ ಒಂದು ಫೈಲ್ ಕೂಡ ಅಳಿಯುವುದಿಲ್ಲ.

ಮಾಡುವ ಕ್ರಮ ಹೀಗೆ. ಗೋಡೆಯ ಸ್ವಿಚ್ ಆರಿಸಿ, ಪ್ಲಗ್ಗನ್ನೇ ಕಿತ್ತುಬಿಡಿ. ಅನಂತರ ಕಂಪ್ಯೂಟರಿನ ಬಟನನ್ನು ಒಂದೆರಡು ಬಾರಿ ಒತ್ತಿ ಹಿಡಿಯಿರಿ, ಒಳಗೆ ಉಳಿದ ವಿದ್ಯುತ್ ಖಾಲಿಯಾಗುತ್ತದೆ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ ಕೈಯ ಸ್ಥಿರ ವಿದ್ಯುತ್ತನ್ನು ಕಳೆದುಕೊಳ್ಳಿ. ಬೋರ್ಡಿನ ಮೇಲೆ ಸಿಎಲ್‌ಆರ್ ಸಿಮಾಸ್, ಸಿಎಲ್‌ಆರ್‌ಟಿಸಿ ಅಥವಾ ಜೆಬ್ಯಾಟ್-1 ಎಂದು ಇಂಗ್ಲಿಷಿನಲ್ಲಿ ಬರೆದಿರುವ ಕಡೆ ಎರಡು ಅಥವಾ ಮೂರು ಪಿನ್ನುಗಳಿರುತ್ತವೆ. ಎರಡೇ ಇದ್ದರೆ ಸ್ಕ್ರೂ ಡ್ರೈವರ್ ತುದಿಯಿಂದ ಅವೆರಡನ್ನೂ ಹತ್ತು ಸೆಕೆಂಡು ಜೋಡಿಸಿ ಹಿಡಿಯಿರಿ. ಮೂರಿದ್ದರೆ ಪುಸ್ತಕದಲ್ಲಿ ಹೇಳಿದಂತೆ ಜಂಪರನ್ನು ಪಕ್ಕಕ್ಕೆ ಸರಿಸಿ, ಹತ್ತು ಸೆಕೆಂಡು ಬಿಟ್ಟು ಮೊದಲಿನ ಜಾಗಕ್ಕೇ ಹಾಕಿ. ಪ್ಲಗ್ ಕೀಳದೆ ಈ ಕೆಲಸ ಮಾಡಬಾರದು. ಪಕ್ಕದ ಪಿನ್ನುಗಳಲ್ಲಿ ಸ್ಟ್ಯಾಂಡ್‌ಬೈ ವಿದ್ಯುತ್ ಇರುತ್ತದೆ, ಸ್ಕ್ರೂ ಡ್ರೈವರ್ ಜಾರಿದರೆ ಅದುವರೆಗೆ ಹೋಗದ ಬೋರ್ಡ್ ಆಗ ಹೋಗುತ್ತದೆ! ಕೆಲವು ಬೋರ್ಡ್‌ಗಳ ಹಿಂಭಾಗದಲ್ಲಿ ಇದಕ್ಕಾಗಿಯೇ ಒಂದು ಬಟನ್ ಇರುತ್ತದೆ, ಅದಿದ್ದರೆ ಇನ್ನೂ ಸುಲಭ.

ಪಿನ್ ಕಾಣದಿದ್ದರೆ ಸಿಆರ್ 2032 ಎಂಬ ನಾಣ್ಯದಂಥ 3 ವೋಲ್ಟಿನ ಬ್ಯಾಟರಿಯನ್ನು ತೆಗೆದು ಹತ್ತು ನಿಮಿಷ ಬಿಟ್ಟು ಹಾಕಬಹುದು. ಆದರೆ ಈಚಿನ ಬೋರ್ಡ್‌ಗಳು ಕೆಲವು ಆಯ್ಕೆಗಳನ್ನು ಬ್ಯಾಟರಿಯ ಹಂಗಿಲ್ಲದ ಚಿಪ್‌ನಲ್ಲಿ ಇಟ್ಟುಕೊಳ್ಳುವುದರಿಂದ ಬ್ಯಾಟರಿಗಿಂತ ಜಂಪರನ್ನೇ ನಂಬುವುದು ಮೇಲು. ಇನ್ನು ಎಸ್‌ಎಂಪಿಎಸ್ ಡಬ್ಬಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಜೀವಕ್ಕೆ ಅಪಾಯವಾಗುವಷ್ಟು ವಿದ್ಯುತ್ ಉಳಿದಿರಬಹುದು. ಅದನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಎಂದು ಹೇಳುವವರ ಮನೆಯಲ್ಲಿ ಅರ್ಥಿಂಗ್ ಸರಿಯಿಲ್ಲ. ಅಂಥವರು ಕಂಪ್ಯೂಟರಿಗಿಂತ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಬೇಕು.

ಇಷ್ಟು ಮಾಡಿಯೂ ಡಿಸ್‌ಪ್ಲೇ ಬರದಿದ್ದರೆ ಯಂತ್ರವನ್ನು ಆದಷ್ಟು ಬರಿದು ಮಾಡಿ. ಒಂದೇ ರ‍್ಯಾಮ್ ಸಾಕು. ನಾಲ್ಕು ಸ್ಲಾಟುಗಳ ಹೆಚ್ಚಿನ ಬೋರ್ಡ್‌ಗಳು ಅದನ್ನು ಪ್ರೊಸೆಸರಿನ ಕಡೆಯಿಂದ ಎರಡನೆಯ ಸ್ಲಾಟಿನಲ್ಲಿ ಬಯಸುತ್ತವೆ. ಒಂದು ರ‍್ಯಾಮಿನಿಂದ ಆಗದಿದ್ದರೆ ಇನ್ನೊಂದನ್ನು ಹಾಕಿ ನೋಡಿ. ನಮ್ಮ ಮೆಕ್ಯಾನಿಕರು ರ‍್ಯಾಮ್ ತೆಗೆದು ರಬ್ಬರಿನಿಂದ ಉಜ್ಜುವುದನ್ನು ನೀವು ನೋಡಿರುತ್ತೀರಿ. ಅದರಿಂದ ಎಷ್ಟೋ ಸಲ ಕೆಲಸವಾಗುವುದು ನಿಜ, ಆದರೆ ಫಲ ಸಿಗುವುದು ಹಲವು ವೇಳೆ ರಬ್ಬರಿನಿಂದಲ್ಲ, ತೆಗೆದು ಮತ್ತೆ ಗಟ್ಟಿಯಾಗಿ ಕೂರಿಸಿದ್ದರಿಂದ. ಡಿವಿಡಿ, ಹೆಚ್ಚುವರಿ ಹಾರ್ಡ್ ಡಿಸ್ಕ್, ಪೆನ್ ಡ್ರೈವ್ ಎಲ್ಲವನ್ನೂ ಕಳಚಿಡಿ. ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇದ್ದರೆ ಕಾರ್ಡನ್ನೂ ತೆಗೆದು ನೋಡಿ.

ಡಿಸ್‌ಪ್ಲೇ ಬಂತು, ಬಯಾಸ್ ತೆರೆಯಿತು, ಆದರೆ ವಿಂಡೋಸ್ ಬರುತ್ತಿಲ್ಲ. ಈ ಘಟ್ಟದ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತನಾಡಬಯಸುತ್ತೇನೆ, ಏಕೆಂದರೆ ಆ ವಿದ್ಯಾರ್ಥಿಯ ಫೈಲುಗಳು ಹೋದದ್ದು ಇಲ್ಲಿಯೇ. ಕ್ಲಿಯರ್ ಸಿಮಾಸ್ ಮಾಡಿದಾಗ ವೇಗದ ಆಯ್ಕೆಗಳ ಜೊತೆಗೆ ಉಳಿದವೂ ಮೊದಲಿನಂತಾಗುತ್ತವೆ. ಡಿಸ್ಕುಗಳ ಆಯ್ಕೆಯಲ್ಲಿ ಎಎಚ್‌ಸಿಐ ಎಂದು ಇದ್ದದ್ದು ರೇಡ್ ಎಂದೋ, ರೇಡ್ ಇದ್ದದ್ದು ಎಎಚ್‌ಸಿಐ ಎಂದೋ ಬದಲಾಗಬಹುದು. ಆಗ ವಿಂಡೋಸ್ ನೀಲಿ ಪರದೆ ತೋರಿಸಿ ಡಿಸ್ಕ್ ಸಿಗುತ್ತಿಲ್ಲ ಎನ್ನುತ್ತದೆ. ಹಳೆಯ ಲೆಗಸಿ ವಿಧಾನದಲ್ಲಿ ಹಾಕಿದ ವಿಂಡೋಸ್ ಇದ್ದು ಬೋರ್ಡ್ ಯುಇಎಫ್‌ಐ ವಿಧಾನಕ್ಕೆ ಮರಳಿದರೆ ಬೂಟ್ ಮಾಡುವ ಡಿಸ್ಕೇ ಇಲ್ಲ ಎನ್ನುತ್ತದೆ. ಡಿಸ್ಕ್ ಹಾಳಾಗಿಲ್ಲ, ವಿಳಾಸ ತಪ್ಪಿದೆ ಅಷ್ಟೆ. ಬಯಾಸ್‌ನಲ್ಲಿ ಈ ಎರಡು ಆಯ್ಕೆಗಳನ್ನು ಹಿಂದಿನಂತೆ ಮಾಡಿದರೆ ವಿಂಡೋಸ್ ಎಂದಿನಂತೆ ಬರುತ್ತದೆ.

ಇನ್ನೊಂದು, ಉದ್ದನೆಯ ಸಂಖ್ಯೆ. ಬಿಟ್‌ಲಾಕರ್ ಎಂಬ ವ್ಯವಸ್ಥೆ ಡಿಸ್ಕಿನಲ್ಲಿರುವುದನ್ನೆಲ್ಲ ಗೂಢಲಿಪಿಯಲ್ಲಿ ಬರೆದಿಡುತ್ತದೆ. ಬಯಾಸ್ ಬದಲಾದರೆ ಅಥವಾ ಬೋರ್ಡ್ ಬದಲಾದರೆ ಯಂತ್ರ ಕಳ್ಳರ ಕೈಗೆ ಸಿಕ್ಕಿರಬಹುದೆಂದು ಶಂಕಿಸಿ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. 2024ರಲ್ಲಿ ಬಂದ ವಿಂಡೋಸ್ 11ರ ಆವೃತ್ತಿಯಿಂದೀಚೆಗೆ, ಮೈಕ್ರೋಸಾಫ್ಟ್ ಖಾತೆಯಿಂದ ಹೊಸದಾಗಿ ಹಾಕಿದ ಅನೇಕ ಕಂಪ್ಯೂಟರುಗಳಲ್ಲಿ ನಮ್ಮನ್ನು ವಿಶೇಷವಾಗಿ ಕೇಳದೆಯೇ ಈ ಬೀಗ ಬೀಳುತ್ತದೆ. ಕೀ ಸಾಮಾನ್ಯವಾಗಿ ಅದೇ ಖಾತೆಯಲ್ಲಿ ಉಳಿದಿರುತ್ತದೆ, ಮೊಬೈಲಿನಿಂದ ಖಾತೆ ತೆರೆದು ನೋಡಬಹುದು. ಹಾಗಾಗಿ ಕೀ ಕೇಳಿತೆಂದು ಫಾರ್ಮ್ಯಾಟ್ ಮಾಡಲು ಒಪ್ಪಬೇಡಿ. ಓವರ್‌ಕ್ಲಾಕ್ ಮಾಡುವ ಆಸೆ ಇರುವವರು ಇಂದೇ ಆ 48 ಅಂಕಿಗಳನ್ನು ಒಂದು ಕಾಗದದ ಮೇಲೆ ಬರೆದು ಮನೆಯ ಕಾಗದ ಪತ್ರಗಳ ಜೊತೆ ಇಡಿ.

ವಿಂಡೋಸ್ ಅರ್ಧ ಬಂದು ನೀಲಿ ಪರದೆಯಾಗುತ್ತಿದ್ದರೆ ಅದನ್ನು ದುರಸ್ತಿ ಮಾಡಲು ಅವಸರಪಡಬೇಡಿ. ತಪ್ಪು ವೇಗದಲ್ಲಿ ಓಡಿದ ರ‍್ಯಾಮ್ ಸದ್ದಿಲ್ಲದೆ ತಪ್ಪು ಅಕ್ಷರಗಳನ್ನು ಡಿಸ್ಕಿಗೆ ಬರೆದಿರಬಹುದು. ರ‍್ಯಾಮ್ ಇನ್ನೂ ಅಸ್ಥಿರವಾಗಿರುವಾಗ ಚೆಕ್‌ಡಿಸ್ಕ್ ಓಡಿಸಿದರೆ ಸರಿಯಿರುವ ಫೈಲುಗಳೂ ಕೆಡಬಹುದು. ಮೊದಲು ಎಲ್ಲ ವೇಗಗಳನ್ನು ಕಾರ್ಖಾನೆಯ ಮಟ್ಟಕ್ಕೆ ತನ್ನಿ. ಪೆನ್ ಡ್ರೈವಿನಿಂದ ಓಡುವ ಮೆಮ್‌ಟೆಸ್ಟ್86ಪ್ಲಸ್ ಎಂಬ ಉಚಿತ ತಂತ್ರಾಂಶದಿಂದ ರ‍್ಯಾಮನ್ನು ಒಂದು ರಾತ್ರಿ ಪರೀಕ್ಷಿಸಿ. ಒಂದೂ ದೋಷ ಬರಬಾರದು. ಅನಂತರ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿ ಬೇಕಾದ ಫೈಲುಗಳನ್ನು ನಕಲು ಮಾಡಿಕೊಳ್ಳಿ. ದುರಸ್ತಿಯ ಮಾತು ಆಮೇಲೆ. ಗ್ರಾಫಿಕ್ಸ್ ಕಾರ್ಡಿನ ವೇಗ ಹೆಚ್ಚಿಸಿದ್ದರೆ ದಾರಿ ಬೇರೆ. ಅದನ್ನು ವಿಂಡೋಸ್ ಒಳಗಿನ ತಂತ್ರಾಂಶವೇ ಪ್ರತಿ ಸಲ ಜಾರಿ ಮಾಡುತ್ತಿರುತ್ತದೆ. ಸೇಫ್ ಮೋಡಿನಲ್ಲಿ ತೆರೆದು ಆ ತಂತ್ರಾಂಶವನ್ನು ತೆಗೆದುಹಾಕಿದರೆ ಸಾಕು.

ಎಲ್ಲವೂ ಸರಿಹೋದ ಮೇಲೆ ಮತ್ತೆ ಪ್ರಯತ್ನಿಸುತ್ತೇವೆ ಎನ್ನುವವರು ನಿಮ್ಮಲ್ಲಿ ಇದ್ದೇ ಇರುತ್ತೀರಿ. ಒಂದು ನೋಟ್ ಪುಸ್ತಕ ಇಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬರೆದಿಡಿ, ಪರೀಕ್ಷಿಸಿ. ವೇಗ, ವೋಲ್ಟೇಜ್, ರ‍್ಯಾಮ್ ಮೂರನ್ನೂ ಒಮ್ಮೆಗೇ ಬದಲಿಸಿದವನಿಗೆ ತೊಡಕು ಯಾವುದರಿಂದ ಎಂದು ತಿಳಿಯುವುದಿಲ್ಲ. ಪರೀಕ್ಷೆಗೆ ಪ್ರೈಮ್95 ಎಂಬ ತಂತ್ರಾಂಶವನ್ನು ಬಳಸುತ್ತಾರೆ. ಜಾರ್ಜ್ ವೋಲ್ಟ್‌ಮನ್ ಎಂಬುವರು 1996ರಲ್ಲಿ ಆರಂಭಿಸಿದ, ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವ ಯೋಜನೆಯ ತಂತ್ರಾಂಶ ಅದು. ಲೆಕ್ಕದ ಸರಿಯುತ್ತರ ಮೊದಲೇ ಗೊತ್ತಿರುವುದರಿಂದ ಪ್ರೊಸೆಸರ್ ಒಂದು ಸಣ್ಣ ತಪ್ಪು ಮಾಡಿದರೂ ಸಿಕ್ಕಿಬೀಳುತ್ತದೆ. ಹವೆಯನ್ನೂ ಮರೆಯಬೇಡಿ. ಜನವರಿಯಲ್ಲಿ ನೆಮ್ಮದಿಯಿಂದ ಓಡಿದ ವೇಗ ಮೇ ತಿಂಗಳಿನಲ್ಲಿ, ಕಲಬುರಗಿ ರಾಯಚೂರುಗಳ 40 ಡಿಗ್ರಿ ಸೆಕೆಯಲ್ಲಿ ಓಡಬೇಕೆಂದಿಲ್ಲ. ಅಸ್ಥಿರವಾಗಿರುವ ಯಂತ್ರದಲ್ಲಿ ಬಯಾಸ್ ಅಪ್‌ಡೇಟ್ ಮಾಡಲೇಬೇಡಿ, ಅರ್ಧಕ್ಕೆ ನಿಂತರೆ ಬೋರ್ಡ್ ಏಳುವುದಿಲ್ಲ. ಮೊದಲು ಕಾರ್ಖಾನೆಯ ವೇಗ, ಅನಂತರ ಅಪ್‌ಡೇಟ್.

ನಿಜವಾಗಿ ಸುಟ್ಟುಹೋಗುವುದೇ ಇಲ್ಲವೇ ಎಂದು ಕೇಳಬಹುದು. ಹೋಗುತ್ತದೆ. 2023ರ ಏಪ್ರಿಲಿನಲ್ಲಿ ಎಎಂಡಿಯ ರೈಜೆನ್ 7 7800ಎಕ್ಸ್3ಡಿ ಪ್ರೊಸೆಸರುಗಳು ಸುಟ್ಟ ವರದಿಗಳು ಬಂದವು. ರ‍್ಯಾಮಿನ ಎಕ್ಸ್‌ಪೋ ಆಯ್ಕೆ ಒತ್ತಿದಾಗ ಕೆಲವು ಬೋರ್ಡ್‌ಗಳು ತಾವಾಗಿ ವೋಲ್ಟೇಜನ್ನು ಅತಿಯಾಗಿ ಏರಿಸುತ್ತಿದ್ದವು. ಕಂಪನಿ ಅದಕ್ಕೆ 1.3 ವೋಲ್ಟಿನ ಮಿತಿ ಹಾಕಿತು. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳು ಹೆಚ್ಚಿನ ವೋಲ್ಟೇಜಿನಿಂದ ಕ್ರಮೇಣ ಹಾಳಾಗುತ್ತಿರುವುದು ಗೊತ್ತಾಗಿ, ಬಯಾಸ್ ಅಪ್‌ಡೇಟ್ ಮೂಲಕ ಪರಿಹಾರ ಬಂತು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಲಾಯಿತು. ಆಗಲೇ ಹಾಳಾದ ಪ್ರೊಸೆಸರನ್ನು ಆ ಅಪ್‌ಡೇಟ್ ಸರಿಪಡಿಸುವುದಿಲ್ಲ. ಇಂಥ ಪ್ರೊಸೆಸರ್ ಕಾರ್ಖಾನೆಯ ವೇಗದಲ್ಲಿಯೂ ನಿಲ್ಲುತ್ತಿದ್ದರೆ ನಿಮ್ಮ ಓವರ್‌ಕ್ಲಾಕನ್ನೇ ದೂರುತ್ತಾ ಕೂರದೆ ವಾರಂಟಿ ಅವಧಿಯನ್ನು ನೋಡಿ. ಸುಟ್ಟ ವಾಸನೆ, ಪ್ರೊಸೆಸರಿನ ಕೆಳಗೆ ಉಬ್ಬು ಅಥವಾ ಕಪ್ಪು ಕಲೆ ಕಂಡರೆ ಮತ್ತೆ ಮತ್ತೆ ಆನ್ ಮಾಡಬಾರದು. ಅದಿಲ್ಲದಿದ್ದರೆ, ಬೇರೆ ಎಸ್‌ಎಂಪಿಎಸ್, ಬೇರೆ ರ‍್ಯಾಮ್, ಕೊನೆಗೆ ಪ್ರೊಸೆಸರನ್ನು ಬೇರೆ ಬೋರ್ಡಿನಲ್ಲಿ ಇಟ್ಟು ನೋಡಿದ ಮೇಲಷ್ಟೇ 'ಹೋಗಿದೆ' ಎಂಬ ಮಾತನ್ನು ಒಪ್ಪಿಕೊಳ್ಳಿ.

ಅಷ್ಟೆಲ್ಲ ಪರೀಕ್ಷೆಗೆ ಬೇಕಾದ ಬಿಡಿಭಾಗಗಳು ಮನೆಯಲ್ಲಿ ಇರುವುದಿಲ್ಲ, ಅಂಗಡಿಗೆ ಹೋಗಲೇಬೇಕಾಗುತ್ತದೆ. ಒಳ್ಳೆಯ ಮೆಕ್ಯಾನಿಕರಿಗೆ ನಮ್ಮಲ್ಲಿ ಕೊರತೆಯಿಲ್ಲ. ಅವರಿಗೆ ನೀವು ಏನು ಬದಲಿಸಿದಿರಿ, ಯಾವ ದೀಪ ಉರಿಯುತ್ತಿದೆ, ಈವರೆಗೆ ಏನೇನು ಮಾಡಿ ನೋಡಿದಿರಿ ಎಂಬುದನ್ನು ಮುಚ್ಚಿಡದೆ ಬರೆದುಕೊಡಿ. 'ಏನೂ ಮಾಡಿಲ್ಲ ಸಾರ್, ತಾನಾಗಿಯೇ ಹೀಗಾಯಿತು' ಎಂದರೆ ಅವರ ಒಂದು ದಿನ ಹಾಳು, ನಿಮ್ಮ ಹಣ ಹಾಳು. ಕೊಡುವ ಮೊದಲು ಡಿಸ್ಕನ್ನು ಬಿಚ್ಚಿ ಮನೆಯಲ್ಲಿ ಇಟ್ಟುಕೊಳ್ಳಿ. ಎಂ.2 ಎಸ್‌ಎಸ್‌ಡಿಯಾದರೆ ಸಾಮಾನ್ಯವಾಗಿ ಒಂದೇ ಸ್ಕ್ರೂ, ಮೇಲೆ ಲೋಹದ ಮುಚ್ಚಳವಿದ್ದರೆ ಅದಕ್ಕೆ ಇನ್ನೊಂದೆರಡು. ಡಿಸ್‌ಪ್ಲೇ ಬರುವಂತೆ ಮಾಡಲು ಅವರಿಗೆ ಡಿಸ್ಕ್ ಬೇಕಾಗುವುದಿಲ್ಲ. ಬಿಚ್ಚಲು ಧೈರ್ಯ ಸಾಲದಿದ್ದರೆ ರಸೀದಿಯ ಮೇಲೆ 'ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬಾರದು' ಎಂದು ಅವರ ಕೈಯಿಂದಲೇ ಬರೆಸಿಕೊಂಡು ಬನ್ನಿ.